ಎಸೆಸೆಲ್ಸಿ ಮುಗಿಯಿತು, ಮುಂದೆ ಎಲ್ಲಿಗೆ? ಫ್ಲೆಕ್ಸ್ ಬಿಟ್ಟು ಬೇರೆ ಅಳತೆಯಲ್ಲಿ ಕಾಲೇಜು ನೋಡುವ ಬಗೆ

ರಿಸಲ್ಟ್ ಬಂದ ವಾರ ಮಂಗಳೂರಿನ ಪಂಪ್‌ವೆಲ್‌ನಿಂದ ಉಡುಪಿಯ ಕಲ್ಸಂಕದವರೆಗೆ ಫ್ಲೆಕ್ಸುಗಳದ್ದೇ ಕಾರುಬಾರು. ಪಾಸ್‌ಪೋರ್ಟ್ ಫೋಟೋ, ಕೆಳಗೆ 597, 596, 595. ಬಸ್ಸಿನ ಕಿಟಕಿಯಿಂದ ನೋಡಿದರೆ ಒಂದು ಕಾಲೇಜಿಗೂ ಇನ್ನೊಂದಕ್ಕೂ ಎಂತ ವ್ಯತ್ಯಾಸ ಅಂತ ಗೊತ್ತಾಗುವುದೇ ಇಲ್ಲ. ಆದರೂ ನಮ್ಮಲ್ಲಿ ಹೆಚ್ಚಿನವರು ಕಾಲೇಜು ಆರಿಸುವುದು ಈ ಫ್ಲೆಕ್ಸ್ ನೋಡಿಯೇ, ಇಲ್ಲವೇ ಪಕ್ಕದ ಮನೆಯವರ ಮಗ ಎಲ್ಲಿ ಸೇರಿದ ಅಂತ ಕೇಳಿಯೇ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ನಮ್ಮ ಎರಡು ಜಿಲ್ಲೆಗಳಲ್ಲಿ ಪಾಸಾಗುವುದು ದೊಡ್ಡ ಸುದ್ದಿಯೇ ಅಲ್ಲ. 2025ರ ದ್ವಿತೀಯ ಪಿಯುಸಿಯಲ್ಲಿ ಉಡುಪಿ ಶೇ. 93.90 ತೆಗೆದು ರಾಜ್ಯಕ್ಕೇ ಮೊದಲು, ದಕ್ಷಿಣ ಕನ್ನಡ ಶೇ. 93.57 ತೆಗೆದು ಎರಡನೆಯದು. ಅದರ ಹಿಂದಿನ ವರ್ಷ ಇದೇ ಎರಡು ಹೆಸರು, ಮೇಲೆ ಕೆಳಗೆ ಅಷ್ಟೇ. ಹತ್ತರಲ್ಲಿ ಒಂಬತ್ತು ಮಕ್ಕಳು ಎಲ್ಲಿ ಸೇರಿದರೂ ಪಾಸಾಗುವ ಊರಿನಲ್ಲಿ "ನಮ್ಮಲ್ಲಿ ಶೇ. 99 ರಿಸಲ್ಟ್" ಅನ್ನುವ ಮಾತನ್ನು ನಂಬಿ ಲಕ್ಷ ದಾಟುವ ಫೀಸು ಕಟ್ಟುವುದರಲ್ಲಿ ಅರ್ಥ ಉಂಟಾ?

ಹಾಗಾಗಿ ಈ ಹೋಲಿಕೆಯಲ್ಲಿ ನಾನು ಇಟ್ಟುಕೊಂಡ ಅಳತೆ ಬೇರೆ. ರ‍್ಯಾಂಕ್ ಬರಲೇ ಇಲ್ಲ ಅಂತ ಇಟ್ಟುಕೊಳ್ಳಿ. ಸೀಟು ಸಿಗಲಿಲ್ಲ. ಆಗ ಆ ಎರಡು ಮೂರು ವರ್ಷದಿಂದ ನಿಮ್ಮ ಮಗನ ಅಥವಾ ಮಗಳ ಹತ್ತಿರ ಉಳಿಯುವುದು ಏನು? ಈ ಪ್ರಶ್ನೆಗೆ ಎಲ್ಲಿ ಒಳ್ಳೆಯ ಉತ್ತರ ಸಿಗುತ್ತದೋ ಅದೇ ಒಳ್ಳೆಯ ಕಾಲೇಜು. ರ‍್ಯಾಂಕ್ ಬಂದರೆ ಬರಲಿ, ಬೇಡ ಅಂದವರು ಯಾರು.

ಕೆಲಸದ ಓದನ್ನು ಹಗುರ ಮಾಡಬೇಡಿ

"ಓದುವುದು ಕೆಲಸಕ್ಕಲ್ಲ, ಜ್ಞಾನಕ್ಕೆ" ಅಂತ ಭಾಷಣ ಮಾಡುವವರನ್ನು ಕಂಡರೆ ನನಗೆ ಸ್ವಲ್ಪ ಕಿರಿಕಿರಿ. ಅದು ಹೊಟ್ಟೆ ತುಂಬಿದವರ ಮಾತು. ಕುದ್ಮುಲ್ ರಂಗರಾಯರು ಮಂಗಳೂರಿನಲ್ಲಿ ದಲಿತ ಮಕ್ಕಳಿಗೆ ಶಾಲೆ ತೆರೆದದ್ದು 1892ರಲ್ಲಿ. ಅದಕ್ಕಾಗಿ ತಮ್ಮ ಜಾತಿಯವರಿಂದಲೇ ಬಹಿಷ್ಕಾರ ಉಂಡರು. ಅವರ ಆಸೆ ಏನಿತ್ತು ಅಂತ ಇಲ್ಲಿನವರಿಗೆ ಗೊತ್ತು: ತಮ್ಮ ಶಾಲೆಯಲ್ಲಿ ಕಲಿತವರು ದೊಡ್ಡ ಸರಕಾರಿ ಹುದ್ದೆಗೆ ಹೋಗಿ ಕಾರಿನಲ್ಲಿ ಓಡಾಡಬೇಕು, ಆ ಕಾರಿನ ಧೂಳು ತಮ್ಮ ತಲೆಗೆ ತಾಗಬೇಕು ಅಂತ. ಇದು ಕೆಲಸದ ಮಾತೇ ಅಲ್ವಾ? ಆದರೆ ಅವರಿಗೆ ಬೇಕಿದ್ದದ್ದು ಸಂಬಳ ಮಾತ್ರ ಅಲ್ಲ. ರಸ್ತೆಯಲ್ಲಿ ತಲೆತಗ್ಗಿಸಿ ನಡೆಯಬೇಕಾಗಿದ್ದವರು ಅದೇ ರಸ್ತೆಯಲ್ಲಿ ತಲೆ ಎತ್ತಿ ಹೋಗುವುದು. ಮೊದಲ ತಲೆಮಾರು ಓದುತ್ತಿರುವ ಮನೆಯಲ್ಲಿ ಕೆಲಸವೇ ಎಲ್ಲಕ್ಕಿಂತ ದೊಡ್ಡ ಸ್ವಾತಂತ್ರ್ಯ. ಅಂಥ ಮನೆಯವರು ಈ ಬರಹದಲ್ಲಿ ತಮಗೆ ಬೇಕಾದಷ್ಟು ತೆಗೆದುಕೊಂಡು ಉಳಿದದ್ದನ್ನು ಬಿಟ್ಟರೂ ನನಗೇನೂ ಬೇಜಾರಿಲ್ಲ.

ಆದರೆ ಇದೇ ಊರಿನಲ್ಲಿ ಇನ್ನೊಂದು ದಾರಿಯೂ ಉಂಟು. ಅಮ್ಮೆಂಬಳ ಸುಬ್ಬರಾವ್ ಪೈಯವರು 1906ರಲ್ಲಿ ಕೆನರಾ ಬ್ಯಾಂಕ್ ಕಟ್ಟುವ ಮೊದಲೇ, 1891ರಲ್ಲಿ ಹೈಸ್ಕೂಲ್ ಕಟ್ಟಿದ್ದರು, 1894ರಲ್ಲಿ ಹೆಣ್ಣುಮಕ್ಕಳಿಗೂ ಒಂದು ಕಟ್ಟಿದರು. ಆ ಬ್ಯಾಂಕಿನ ಸ್ಥಾಪನೆಯ ತತ್ವಗಳನ್ನು ಓದಿ ನೋಡಿ. ಮೂಢನಂಬಿಕೆ, ಅಜ್ಞಾನ ಹೋಗಲಾಡಿಸುವುದು ಮೊದಲನೆಯದು. ಅದಕ್ಕಾಗಿ ಎಲ್ಲರಿಗೂ ಶಿಕ್ಷಣ ಹರಡುವುದು ಎರಡನೆಯದು. ಸಾಲ, ಠೇವಣಿ, ಬಡ್ಡಿ ಎಲ್ಲ ಆಮೇಲೆ. ಹಣದ ವ್ಯವಹಾರಕ್ಕೆ ಕುಳಿತವರೇ ಓದನ್ನು ಇಷ್ಟು ದೊಡ್ಡದಾಗಿ ನೋಡಿದ್ದರು, ನಾವು ಮಾತ್ರ ಓದನ್ನು ಹಣದ ವ್ಯವಹಾರ ಮಾಡಿಕೊಂಡು ಕುಳಿತಿದ್ದೇವೆ.

ಕಿತ್ತಳೆ ಮಾರುತ್ತಿದ್ದ ಹರೇಕಳ ಹಾಜಬ್ಬರ ಕತೆ ನಿಮಗೆಲ್ಲ ಗೊತ್ತೇ ಇದೆ. ವಿದೇಶಿಯರು ಕಿತ್ತಳೆಯ ಬೆಲೆ ಕೇಳಿದಾಗ ಉತ್ತರ ಹೇಳಲು ಆಗಲಿಲ್ಲ, ಆ ನಾಚಿಕೆಯೇ ನ್ಯೂಪಡ್ಪುವಿನಲ್ಲಿ ಶಾಲೆಯಾಯಿತು. ಕೇಳಿದ ಪ್ರಶ್ನೆಗೆ ಉತ್ತರ ಕೊಡುವ ಧೈರ್ಯ ಮಕ್ಕಳಿಗೆ ಬರಬೇಕು. ಅವರಿಗೆ ಬೇಕಾಗಿದ್ದದ್ದು ಅಷ್ಟು.

ನೋಡಬೇಕಾದ್ದು ಯಾವುದನ್ನು?

ಮೊದಲನೆಯದು ಸಂಜೆ. ನಾಲ್ಕರಿಂದ ಒಂಬತ್ತು ಗಂಟೆಯವರೆಗೆ ಆ ಹುಡುಗ ಅಥವಾ ಹುಡುಗಿ ಎಂತ ಮಾಡುತ್ತಾರೆ? ಬೆಳಗಿನ ಪಾಠ ಎಲ್ಲ ಕಡೆ ಹೆಚ್ಚುಕಮ್ಮಿ ಒಂದೇ, ಪಠ್ಯಪುಸ್ತಕವೂ ಒಂದೇ. ಸಂಜೆಯೇ ಬೇರೆ. ಓದು, ಆಟ, ಅಂಗಡಿಗೆ ಹೋಗಿ ಸಾಮಾನು ತರುವುದು, ಅಜ್ಜಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವುದು, ಸುಮ್ನೆ ಕೂತು ಬೋರ್ ಆಗುವುದು, ಇವೆಲ್ಲ ಆ ಹೊತ್ತಿನಲ್ಲೇ ಆಗಬೇಕು. ಬೋರ್ ಆಗುವುದಕ್ಕೂ ಸಮಯ ಇಲ್ಲದ ಮಕ್ಕಳು ತಾವಾಗಿ ಏನನ್ನೂ ಹುಡುಕಿಕೊಂಡು ಹೋಗುವುದಿಲ್ಲ.

ಎರಡನೆಯದು ಪಕ್ಕದ ಬೆಂಚು. ಇದನ್ನು ನಾನು ಎಲ್ಲಕ್ಕಿಂತ ಮೇಲೆ ಇಡುತ್ತೇನೆ. ಕರಾವಳಿಯಲ್ಲಿ ತುಳು, ಕೊಂಕಣಿ, ಬ್ಯಾರಿ, ಕುಂದಾಪ್ರ ಕನ್ನಡ ಎಲ್ಲ ಒಂದೇ ಬಸ್ಸಿನಲ್ಲಿ ಹೋಗುತ್ತವೆ. ಬಸ್ಸು ಇಳಿದ ಮೇಲೆ ಮಾತ್ರ ಒಬ್ಬೊಬ್ಬರಿಗೆ ಒಂದೊಂದು ಶಾಲೆ, ಒಂದೊಂದು ಆಸ್ಪತ್ರೆ, ಒಂದೊಂದು ಹಾಲ್. ನರ್ಸರಿಯಿಂದ ಹತ್ತರವರೆಗೆ ತಮ್ಮವರ ನಡುವೆಯೇ ಬೆಳೆದ ಮಕ್ಕಳು ನಮ್ಮಲ್ಲಿ ಬೇಕಾದಷ್ಟು ಇದ್ದಾರೆ. ಬೇರೆ ಧರ್ಮದವರ ಮನೆಯೊಳಗೆ ಒಮ್ಮೆಯೂ ಕಾಲಿಡದೆ ಹದಿನಾರು ವರ್ಷ ಆಗಿರುತ್ತದೆ. ಅವರ ಬಗ್ಗೆ ಗೊತ್ತಿರುವುದೆಲ್ಲ ವಾಟ್ಸಾಪಿನಲ್ಲಿ ಬಂದದ್ದು. ಈ ಊರಿನಲ್ಲಿ ಒಂದು ಸಣ್ಣ ಜಗಳ ಎಷ್ಟು ಬೇಗ ದೊಡ್ಡದಾಗುತ್ತದೆ ಅಂತ ನಾನು ಬೇರೆ ಹೇಳಬೇಕಾ? ಪಿಯುಸಿ ಅನ್ನುವುದು ಈ ಗೋಡೆ ದಾಟಲು ಸಿಗುವ ಒಳ್ಳೆಯ ಅವಕಾಶ. ಮೂರು ಧರ್ಮದ, ನಾಲ್ಕು ಭಾಷೆಯ, ಬೇರೆ ಬೇರೆ ವರಮಾನದ ಮನೆಯ ಮಕ್ಕಳು ಒಟ್ಟಿಗೆ ಕೂತು ಟಿಫಿನ್ ಬಿಚ್ಚುವ ಕ್ಲಾಸು ಸಿಕ್ಕಿದರೆ ಅದು ಯಾವ ಸಿಲೆಬಸ್ಸಿನಲ್ಲೂ ಇಲ್ಲದ ಪಾಠ. ಹತ್ತು ಮಾರ್ಕು ಕಮ್ಮಿಯಾದರೂ ಪರವಾಗಿಲ್ಲ ಅನ್ನುವಷ್ಟು ದೊಡ್ಡದು.

ಮೂರನೆಯದು, ಎದುರಾಳಿಯ ಮಾತನ್ನು ಕೇಳಿ ಉತ್ತರ ಕೊಡುವ ಅಭ್ಯಾಸ. ಇದಕ್ಕೆ ನಮ್ಮಲ್ಲಿ ತಾಳಮದ್ದಳೆ ಇದೆ, ಹೊರಗಿನಿಂದ ಏನೂ ತರಬೇಕಾಗಿಲ್ಲ. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿಗಳು ಕೂತಲ್ಲೇ ಅರ್ಥ ಹೇಳುತ್ತಾರೆ. ಬರೆದಿಟ್ಟ ಸಂಭಾಷಣೆ ಇರುವುದಿಲ್ಲ, ಎದುರಿನವರು ಎಂತ ಕೇಳುತ್ತಾರೆ ಅಂತ ಮೊದಲೇ ಗೊತ್ತಿರುವುದಿಲ್ಲ. ಇವತ್ತು ಕೃಷ್ಣನಾಗಿ ಸಂಧಾನಕ್ಕೆ ಹೋದವರು ನಾಳೆ ಕೌರವನಾಗಿ ಅದೇ ಕೃಷ್ಣನನ್ನು ಮಾತಿನಲ್ಲಿ ಕಟ್ಟಿಹಾಕಬೇಕಾಗುತ್ತದೆ. ಮರೆಯಲ್ಲಿ ನಿಂತು ಬಾಣ ಬಿಟ್ಟೆಯಲ್ಲ ಅಂತ ವಾಲಿ ಕೇಳಿದಾಗ ರಾಮನಿಗೆ ಉತ್ತರ ಕಷ್ಟ. ಆ ಕಷ್ಟವನ್ನು ಸಭೆ ರಾತ್ರಿಯಿಡೀ ಕೂತು ಆಸ್ವಾದಿಸುತ್ತದೆ, ರಾಮಭಕ್ತರೇ ವಾಲಿಯ ಮಾತಿಗೆ ಚಪ್ಪಾಳೆ ಹೊಡೆಯುತ್ತಾರೆ. ತನಗೆ ಒಪ್ಪಿಗೆ ಇಲ್ಲದ ಪಕ್ಷವನ್ನು ಗಟ್ಟಿಯಾಗಿ ವಾದಿಸಲು ಬರುವವರು ಸುಲಭಕ್ಕೆ ಮೋಸ ಹೋಗುವುದಿಲ್ಲ. ಉಡುಪಿಯ ಹೈಸ್ಕೂಲುಗಳಲ್ಲಿ ಯಕ್ಷಶಿಕ್ಷಣ ಟ್ರಸ್ಟ್ ಮಕ್ಕಳಿಗೆ ಯಕ್ಷಗಾನ ಕಲಿಸುತ್ತಾ ಬಂದಿದೆ. ಅಲ್ಲಿ ಗೆಜ್ಜೆ ಕಟ್ಟಿದ ಎಷ್ಟೋ ಮಕ್ಕಳು ಪಿಯುಸಿಗೆ ಬರುತ್ತಲೇ "ಎರಡು ವರ್ಷ ಇದೆಲ್ಲ ಬೇಡ" ಅಂತ ಬಿಚ್ಚಿಡುತ್ತಾರೆ. ಯಾರು ಬಿಚ್ಚಿಸುವುದು? ನಾವೇ.

ನಾಲ್ಕನೆಯದು ಕೈ. ಫ್ಯೂಸ್ ಹಾಕಲು, ಗಿಡ ನೆಡಲು, ಒಬ್ಬರಿಗೆ ಅಡುಗೆ ಮಾಡಲು, ಬ್ಯಾಂಕಿನ ಸಾಲದ ಕಾಗದ ಓದಿ ಎಲ್ಲಿ ಸಹಿ ಹಾಕಬಾರದು ಅಂತ ತಿಳಿಯಲು ಬರುತ್ತದಾ? ಇಷ್ಟು ಸಾಕು, ಮುಂದೆ ಹೋಗೋಣ.

ರೆಸಿಡೆನ್ಷಿಯಲ್ ಸೈನ್ಸ್, ಇಂಟಿಗ್ರೇಟೆಡ್ ಕೋಚಿಂಗ್

ಹಾಸ್ಟೆಲ್ಲಿನಲ್ಲೇ ಇದ್ದು, ಪಿಯುಸಿ ಪಾಠದ ಜೊತೆಗೇ ನೀಟ್‌ನಂಥ ಪ್ರವೇಶ ಪರೀಕ್ಷೆಗೂ ತಯಾರಿ. ಬೆಳಗ್ಗೆ ಐದೂವರೆಗೆ ಎಬ್ಬಿಸಿ, ರಾತ್ರಿ ಹತ್ತೂವರೆವರೆಗೆ ಸ್ಟಡಿ ಅವರ್. ಭಾನುವಾರ ಟೆಸ್ಟ್. ವಾರಕ್ಕೊಮ್ಮೆ ಮನೆಗೆ ಫೋನ್. ಇದು ಎಲ್ಲ ಕಡೆ ಇಷ್ಟೇ ಬಿಗಿ ಅಂತ ಅಲ್ಲ, ಆದರೆ ಮಾದರಿ ಇದು.

ಲೆಕ್ಕ ಹೇಳುತ್ತೇನೆ ಕೇಳಿ. 2024ರಲ್ಲಿ ನೀಟ್ ಬರೆದವರು 23 ಲಕ್ಷಕ್ಕೂ ಜಾಸ್ತಿ. ದೇಶದಲ್ಲಿ ಎಂಬಿಬಿಎಸ್ ಸೀಟು ಒಂದು ಲಕ್ಷ ಚಿಲ್ಲರೆ, ಅದರಲ್ಲಿ ಸರಕಾರಿ ಫೀಸಿನವು ಇನ್ನೂ ಕಮ್ಮಿ. ಯಾವ ಕೋಚಿಂಗೂ ಈ ಲೆಕ್ಕವನ್ನು ಬದಲಿಸುವುದಿಲ್ಲ, ಯಾರ ಸರದಿ ಮೊದಲು ಅನ್ನುವುದನ್ನು ಮಾತ್ರ ಸ್ವಲ್ಪ ಆಚೀಚೆ ಮಾಡುತ್ತದೆ. ಹಾಗಾದರೆ ಸೀಟು ಸಿಗದ ದೊಡ್ಡ ಗುಂಪಿಗೆ ಈ ಎರಡು ವರ್ಷ ಏನನ್ನು ಉಳಿಸಿತು? ನೀಟ್‌ನಲ್ಲಿ ಸರಿ ಉತ್ತರಕ್ಕೆ 4 ಅಂಕ, ತಪ್ಪಿಗೆ 1 ಅಂಕ ಕಳೆಯುತ್ತಾರೆ. ಖಾತ್ರಿ ಇಲ್ಲದಿದ್ದರೆ ಮುಟ್ಟಬೇಡ ಅಂತ ದಿನಾ ಹೇಳಿಕೊಡುತ್ತಾರೆ. ಪರೀಕ್ಷೆಗೆ ಅದು ಸರಿಯಾದ ಬುದ್ಧಿ. ಆದರೆ ಎರಡು ವರ್ಷ ಅದನ್ನೇ ಅಭ್ಯಾಸ ಮಾಡಿದ ಮಕ್ಕಳು ಕ್ಲಾಸಿನಲ್ಲಿ ಕೈ ಎತ್ತುವುದನ್ನೇ ಬಿಡುತ್ತಾರೆ, ತಪ್ಪಾದರೆ ಎಂತ ಮಾಡುದು ಅಂತ. ನನ್ನ ದೊಡ್ಡ ತಕರಾರು ಇರುವುದು ಇದರ ಬಗ್ಗೆ. ಒತ್ತಡ, ನಿದ್ದೆ, ಊಟದ ಮಾತು ಎಲ್ಲರೂ ಆಡುತ್ತಾರೆ, ಇದನ್ನು ಯಾರೂ ಹೇಳುವುದಿಲ್ಲ.

ಒಳ್ಳೆಯದೂ ಇದೆ. ಸುಳ್ಯದ ಒಳಗಿನ ಊರಿನಿಂದಲೋ ಬೈಂದೂರಿನ ಬದಿಯಿಂದಲೋ ದಿನಾ ಬಸ್ಸಿನಲ್ಲಿ ಓಡಾಡಲು ಆಗದವರಿಗೆ, ಮನೆಯಲ್ಲಿ ಕೂತು ಓದುವಷ್ಟು ಜಾಗ ಅಥವಾ ನೆಮ್ಮದಿ ಇಲ್ಲದವರಿಗೆ ಹಾಸ್ಟೆಲ್ಲು ದೊಡ್ಡ ಉಪಕಾರ. ಇನ್ನೊಂದು, ಇಲ್ಲಿನ ಹಾಸ್ಟೆಲ್ಲುಗಳಿಗೆ ಕಲಬುರಗಿ, ವಿಜಯಪುರ, ಹಾಸನದ ಕಡೆಯಿಂದ ಮಕ್ಕಳು ಬರುತ್ತಾರೆ. ಜೋಳದ ರೊಟ್ಟಿಯ ಮನೆಯ ಹುಡುಗನ ಜೊತೆ ಕುಚ್ಚಲಕ್ಕಿ ಗಂಜಿಯ ಮನೆಯ ಹುಡುಗ ಎರಡು ವರ್ಷ ಒಂದೇ ರೂಮಿನಲ್ಲಿ ಇರುವುದು ಸಣ್ಣ ಸಂಗತಿ ಅಲ್ಲ. ಪಕ್ಕದ ಬೆಂಚಿನ ಅಳತೆಯಲ್ಲಿ ಕೆಲವು ಹಾಸ್ಟೆಲ್ಲುಗಳು ನಮ್ಮ ಪೇಟೆಯ ಕಾಲೇಜುಗಳಿಗಿಂತ ಮೇಲೆ.

ಯಾರಿಗೆ ಸರಿ? ತಾನಾಗಿ ಡಾಕ್ಟರೋ ಎಂಜಿನಿಯರೋ ಆಗಬೇಕು ಅಂತ ಹಠ ಹಿಡಿದ ಮಕ್ಕಳಿಗೆ. ಅಪ್ಪನ ಹಠ ಲೆಕ್ಕಕ್ಕಿಲ್ಲ.

ದಿನಾ ಹೋಗಿ ಬರುವ ಸೈನ್ಸ್

ಇದಕ್ಕೆ ನನ್ನ ವೋಟು ಜಾಸ್ತಿ, ಒಂದು ಷರತ್ತಿನ ಮೇಲೆ. ಕಾಲೇಜು ಬಿಟ್ಟ ಮೇಲೆ ಐದರಿಂದ ಎಂಟೂವರೆವರೆಗೆ ಪ್ರತಿ ದಿನ ಕೋಚಿಂಗ್, ಆಮೇಲೆ ಒಂದು ಗಂಟೆ ಬಸ್ಸು ಅಂತ ಆದರೆ ಅದು ಹಾಸ್ಟೆಲ್ಲಿಗಿಂತಲೂ ಕೆಟ್ಟದ್ದು, ಏಕೆಂದರೆ ಒತ್ತಡ ಅಷ್ಟೇ ಇರುತ್ತದೆ, ಜೊತೆಗೆ ಪ್ರಯಾಣದ ಸುಸ್ತು. ಎಂಜಿನಿಯರಿಂಗ್ ಸಾಕು ಅನ್ನುವವರಿಗೆ ಅಷ್ಟು ಬೇಕಾಗಿಯೂ ಇಲ್ಲ. ಸಿಇಟಿಯಲ್ಲಿ ತಪ್ಪಿಗೆ ಅಂಕ ಕಳೆಯುವುದಿಲ್ಲ, ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿಯ ಅಂಕ ಅರ್ಧ, ಸಿಇಟಿಯ ಅಂಕ ಅರ್ಧ. ಕಾಲೇಜಿನ ಪಾಠ ಸರಿಯಾಗಿ ಓದಿದರೇ ಅರ್ಧ ಕೆಲಸ ಆಯಿತು.

ಬಸ್ಸನ್ನೂ ಕಡೆಗಣಿಸಬೇಡಿ. ನಮ್ಮ ಪ್ರೈವೇಟ್ ಬಸ್ಸಿನಲ್ಲಿ ಕಂಡಕ್ಟರ್ ಜೊತೆ ಚಿಲ್ಲರೆಗೆ ಜಗಳ ಆಡುವುದು, ಮೀನಿನ ಬುಟ್ಟಿಯ ಅಕ್ಕನಿಗೆ ಸೀಟು ಬಿಡುವುದು, ಮಳೆಗಾಲದಲ್ಲಿ ಟರ್ಪಾಲು ಎಳೆದುಕೊಂಡು ಹತ್ತು ಜನರ ಮಾತು ಕೇಳುವುದು, ಇದೂ ಓದೇ. ಪೇಟೆಯ ಕಾಲೇಜಿಗೆ ಸೇರಿದರೆ ಮಂಗಳೂರಿನ ಬಾವುಟಗುಡ್ಡೆಯ ಲೈಬ್ರರಿಗೋ ಉಡುಪಿಯ ಅಜ್ಜರಕಾಡಿಗೋ ನಡೆದುಕೊಂಡು ಹೋಗಬಹುದು, ರಜೆಯಲ್ಲಿ ಪಿಲಿಕುಳದ ವಿಜ್ಞಾನ ಕೇಂದ್ರಕ್ಕೆ ಹೋಗಬಹುದು. ಒಂದು ಅಡ್ಡ ಮಾತು: ದೇಶದ ಮೊದಲ ಮೀನುಗಾರಿಕಾ ಕಾಲೇಜು ಶುರುವಾದದ್ದು 1969ರಲ್ಲಿ, ನಮ್ಮ ಮಂಗಳೂರಿನಲ್ಲೇ. ಕಡಲ ಬದಿಯಲ್ಲಿ ಹುಟ್ಟಿ, ದಿನಾ ಮೀನು ತಿಂದು, ಹೀಗೊಂದು ಓದು ಇದೆ ಅಂತ ಗೊತ್ತಿಲ್ಲದೆ ಬೆಂಗಳೂರಿನ ಕಂಪ್ಯೂಟರ್ ಸೈನ್ಸ್ ಸೀಟಿಗೆ ಸಾಲ ಮಾಡುವವರನ್ನು ನೋಡಿದರೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ.

ಕಾಮರ್ಸ್

ಐದು ದೊಡ್ಡ ಬ್ಯಾಂಕುಗಳು ಹುಟ್ಟಿದ ನೆಲ ಇದು, ಕಾಮರ್ಸಿನ ಬಗ್ಗೆ ಇಲ್ಲಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸಂಜೆ ಉಳಿಯುತ್ತದೆ, ಆಟಕ್ಕೆ ನಾಟಕಕ್ಕೆ ಸೇರುವವರು ಹೆಚ್ಚಾಗಿ ಇವರೇ. ಸಿಎ ಫೌಂಡೇಶನ್ ತರಗತಿಯನ್ನು ಮೊದಲ ವರ್ಷದಿಂದಲೇ ತುರುಕಿದರೆ ಮಾತ್ರ ಸೈನ್ಸಿನ ಕತೆಯೇ ಇಲ್ಲೂ ಆಗುತ್ತದೆ.

ಆರ್ಟ್ಸ್, ಅದರಲ್ಲೂ ಸರಕಾರಿ ಕಾಲೇಜಿನಲ್ಲಿ

"ಆರ್ಟ್ಸಾ? ಮಾರ್ಕು ಕಮ್ಮಿ ಬಂತಾ ಮಾರ್ರೆ?" ಮದುವೆ ಮನೆಯಲ್ಲಿ ಈ ಪ್ರಶ್ನೆ ಎದುರಿಸಲು ತಯಾರಿರಿ.

ಚರಿತ್ರೆ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ. ಸಂವಿಧಾನದಲ್ಲಿ ಏನಿದೆ, ಪಂಚಾಯತಿಗೆ ಯಾವ ಅಧಿಕಾರ ಇದೆ, ಜಾತಿ ಹೇಗೆ ಕೆಲಸ ಮಾಡುತ್ತದೆ, ಬೆಲೆ ಯಾಕೆ ಏರುತ್ತದೆ. ಹದಿನೆಂಟಕ್ಕೆ ವೋಟು ಹಾಕುವವರಿಗೆ ಇದಕ್ಕಿಂತ ಬೇಕಾದ ಓದು ಬೇರೆ ಯಾವುದಿದೆ ಹೇಳಿ? ಸೈನ್ಸ್ ಓದಿ, ಎಂಜಿನಿಯರಿಂಗ್ ಮುಗಿಸಿ, ಆಮೇಲೆ ಕೆಎಎಸ್ ಬರೆಯುತ್ತೇನೆ ಅಂತ ಕೂತವರು ಇಪ್ಪತ್ತನಾಲ್ಕನೇ ವಯಸ್ಸಿನಲ್ಲಿ ಕೊಂಡುಕೊಳ್ಳುವುದು ಇದೇ ಪುಸ್ತಕಗಳನ್ನು. ಪಿಯುಸಿ ಆದಮೇಲೆ ಐದು ವರ್ಷದ ಕಾನೂನು ಪದವಿಗೂ ಹೋಗಬಹುದು. ಪಕ್ಕದ ಬೆಂಚಿನ ಅಳತೆಯಲ್ಲಂತೂ ಸರಕಾರಿ ಕಾಲೇಜಿಗೆ ಸಾಟಿ ಇಲ್ಲ. ದೋಣಿಯವರ ಮಗ, ಬೀಡಿ ಕಟ್ಟುವವರ ಮಗಳು, ವಲಸೆ ಕಾರ್ಮಿಕರ ಮಕ್ಕಳು, ಎಲ್ಲರೂ ಅಲ್ಲಿ ಸಿಗುತ್ತಾರೆ.

ಆದರೆ ಸುಳ್ಳು ಹೇಳಬಾರದು. ಕೆಲವು ಕಡೆ ಉಪನ್ಯಾಸಕರ ಹುದ್ದೆ ಖಾಲಿ ಇರುತ್ತದೆ, ಅತಿಥಿ ಉಪನ್ಯಾಸಕರು ಬರುವ ಹೊತ್ತಿಗೆ ಮಳೆಗಾಲ ಮುಗಿದಿರುತ್ತದೆ. ಲೈಬ್ರರಿಗೆ ಬೀಗ. ಹಾಗಾಗಿ ಸರಕಾರಿ ಕಾಲೇಜು ಒಳ್ಳೆಯದು ಅಂತ ಕಣ್ಣುಮುಚ್ಚಿ ಹೇಳಲಾರೆ. ಒಂದೊಂದು ಕಾಲೇಜು ಒಂದೊಂದು ಥರ, ಒಬ್ಬ ಒಳ್ಳೆಯ ಪ್ರಿನ್ಸಿಪಾಲ್ ಇದ್ದರೆ ಎಲ್ಲ ಬದಲಾಗಿರುತ್ತದೆ. ಹೋಗಿ ನೋಡಲೇಬೇಕು.

ಡಿಪ್ಲೊಮಾ, ಐಟಿಐ

ಮಂಗಳೂರಿನ ಕದ್ರಿಯ ಕೆಪಿಟಿ, ಅಂದರೆ ಕರ್ನಾಟಕ ಪಾಲಿಟೆಕ್ನಿಕ್, 1946ರಿಂದ ನಡೆಯುತ್ತಿದೆ. ಮೂರು ವರ್ಷದ ಡಿಪ್ಲೊಮಾ, ಬೇಕೆಂದರೆ ಆಮೇಲೆ ಡಿಪ್ಲೊಮಾದವರಿಗೆ ಇರುವ ಡಿಸಿಇಟಿ ಪರೀಕ್ಷೆ ಬರೆದು ಎಂಜಿನಿಯರಿಂಗಿನ ಎರಡನೇ ವರ್ಷಕ್ಕೆ ನೇರವಾಗಿ ಸೇರಬಹುದು. ಕೈಯ ಅಳತೆಯಲ್ಲಿ ಇವರೇ ಮೊದಲು. ತಾನು ಮಾಡಿದ್ದು ತಿರುಗಿತಾ, ಹೊತ್ತಿತಾ, ನಿಂತಿತಾ ಅಂತ ಆಗಲೇ ಗೊತ್ತಾಗುತ್ತದೆ. ತಪ್ಪಾದರೆ ಬಿಚ್ಚಿ ಮತ್ತೆ ಮಾಡುತ್ತಾರೆ, ಯಾರೂ ಅಂಕ ಕಳೆಯುವುದಿಲ್ಲ. ಕೋಚಿಂಗ್ ಮಕ್ಕಳಿಗೆ ಇಲ್ಲದ ಭಾಗ್ಯ ಇದು.

ಕೊರತೆ ಒಂದೇ. ಹದಿನೈದು ಹದಿನಾರರಲ್ಲೇ ಚರಿತ್ರೆ, ಸಾಹಿತ್ಯ ಬಹುತೇಕ ನಿಂತುಹೋಗುತ್ತದೆ. ಅದನ್ನು ಮನೆಯವರು ತುಂಬಿಸಬೇಕು. ಒಂದು ಪೇಪರ್ ತರಿಸಿ, ಲೈಬ್ರರಿ ಕಾರ್ಡ್ ಮಾಡಿಸಿ, ಊರಿನ ಯಕ್ಷಗಾನ ಸಂಘಕ್ಕೋ ನಾಟಕ ತಂಡಕ್ಕೋ ಸೇರಿಸಿ.

ಭಾಷೆಯ ಕಾಲಂ ತುಂಬುವಾಗ

ಅರ್ಜಿಯಲ್ಲಿ ಎರಡನೇ ಭಾಷೆ ಅಂತ ಒಂದು ಜಾಗ ಇರುತ್ತದೆ, ಅದನ್ನು ಅರ್ಧ ನಿಮಿಷದಲ್ಲಿ ತುಂಬುತ್ತೇವೆ. "ಸಂಸ್ಕೃತ ಹಾಕಿ, ನೂರಕ್ಕೆ ನೂರು ಬರ್ತದೆ." ಸಂಸ್ಕೃತ ಇಷ್ಟಪಟ್ಟು ಓದುವವರು ಖಂಡಿತ ಓದಲಿ. ಅಂಕಕ್ಕಾಗಿ ಕನ್ನಡ ಬಿಡುವುದು ಮಾತ್ರ ನಷ್ಟದ ವ್ಯಾಪಾರ. ಆ ವಯಸ್ಸಿನ ಮಕ್ಕಳಿಗೆ ಕತೆ, ಕವಿತೆ ಓದಿ "ಇದರಲ್ಲಿ ಯಾರು ಸರಿ, ಯಾರು ತಪ್ಪು" ಅಂತ ಜಗಳ ಆಡಲು ಸಿಗುವುದು ಭಾಷೆಯ ಪೀರಿಯಡ್ಡಿನಲ್ಲಿ ಮಾತ್ರ. ಫಿಸಿಕ್ಸ್ ಕ್ಲಾಸಿನಲ್ಲಿ ಆ ಅವಕಾಶ ಇಲ್ಲ.

ಕಾಲೇಜು ನೋಡಲು ಹೋದಾಗ

ಅಡ್ಮಿಷನ್ ಕೌಂಟರಿನಲ್ಲಿ ಕೂತವರನ್ನು ಕೇಳಬೇಡಿ, ಅವರು ಪಾಪ ಹೇಳಿಕೊಟ್ಟದ್ದನ್ನು ಹೇಳುತ್ತಾರೆ. ಗೇಟಿನ ಹೊರಗೆ ಜ್ಯೂಸ್ ಅಂಗಡಿಯಲ್ಲಿ ನಿಂತ ಸೆಕೆಂಡ್ ಪಿಯು ಮಕ್ಕಳನ್ನು ಕೇಳಿ. ಕಳೆದ ವಾರ ಕ್ಲಾಸಿನಲ್ಲಿ ಯಾರಾದರೂ ಪ್ರಶ್ನೆ ಕೇಳಿದರಾ, ಸರ್ ಎಂತ ಹೇಳಿದರು? ಆಟದ ಪೀರಿಯಡ್ ನಿಜವಾಗಿ ಇದೆಯಾ, ಅಥವಾ ಟೈಮ್‌ಟೇಬಲ್ಲಿನಲ್ಲಿ ಮಾತ್ರವಾ? ಲೈಬ್ರರಿಯಲ್ಲಿ ಗೈಡು ಬಿಟ್ಟು ಬೇರೆ ಪುಸ್ತಕ ಮನೆಗೆ ಕೊಡುತ್ತಾರಾ? ಲ್ಯಾಬಿನಲ್ಲಿ ಪ್ರಯೋಗ ನೀವೇ ಮಾಡಿದಿರಾ, ಇಲ್ಲ ರೀಡಿಂಗ್ ಬರೆಸಿದರಾ?

ಒಳಗೆ ಹೋಗಿ ಒಂದೇ ಪ್ರಶ್ನೆ ಕೇಳಿ. ಫ್ಲೆಕ್ಸಿನಲ್ಲಿ ಇಲ್ಲದ ಮಕ್ಕಳು, ಅಂದರೆ ಶೇ. 70 ತೆಗೆದವರು, ಈಗ ಎಲ್ಲಿದ್ದಾರೆ, ಏನು ಮಾಡುತ್ತಿದ್ದಾರೆ? ಅವರ ಹೆಸರು ನೆನಪಿಟ್ಟು ಹೇಳುವ ಕಾಲೇಜು ಸಿಕ್ಕಿದರೆ ಫೀಸು ನಾಲ್ಕು ಸಾವಿರ ಜಾಸ್ತಿಯಾದರೂ ಸೇರಿಸಿ.

ಈಗಾಗಲೇ ಹಾಸ್ಟೆಲ್ಲಿಗೆ ಸೇರಿಸಿ ಆಗಿದ್ದರೆ ಗಾಬರಿ ಬೇಡ. ದಸರಾ ರಜೆ, ಬೇಸಗೆ ರಜೆ ಇನ್ನೂ ನಿಮ್ಮ ಕೈಯಲ್ಲಿವೆ. ಮನೆಗೆ ಬಂದ ಮಗಳಿಗೆ ಮೊದಲ ಎರಡು ದಿನ ನಿದ್ದೆ ಮಾಡಲು ಬಿಡಿ. ಆಮೇಲೆ ಬ್ಯಾಂಕಿಗೆ, ಗ್ರಾಮಸಭೆಗೆ, ಬೇರೆ ಧರ್ಮದ ಸ್ನೇಹಿತೆಯ ಮನೆಯ ಹಬ್ಬಕ್ಕೆ ಕಳಿಸಿ. ರಜೆಯಲ್ಲೇ ಹತ್ತು ದಿನದ ಕ್ರ್ಯಾಶ್ ಕೋರ್ಸ್ ಅಂತ ಮೊಬೈಲಿಗೆ ಮೆಸೇಜ್ ಬರುತ್ತದೆ, ಬಂದೇ ಬರುತ್ತದೆ. ಹಣ ಕಳಿಸುವ ಮೊದಲು ಅವಳನ್ನು ಕೇಳಿ. ಬೇಡ ಅಂದರೆ ಯಾಕೆ ಅಂತ ವಿಚಾರಣೆ ಮಾಡಲು ಹೋಗಬೇಡಿ, ಮೆಸೇಜ್ ಡಿಲೀಟ್ ಮಾಡಿ.